ಹಾಲಿನಲ್ಲಿಟ್ಟ ಹಲ್ಲು

ಹೋದ ತಿಂಗಳು ಸ್ಯಾನ್ ರಮೋನಿನ ಪಾರ್ಕಿನಲ್ಲಿ ನನ್ನ ಮೊಮ್ಮಗಳು ಉಯ್ಯಾಲೆಯಿಂದ ಮುಖ ಅಡಿಯಾಗಿ ಬಿದ್ದಳು. ಬಾಯಿ ತುಂಬ ರಕ್ತ. ಮುಂದಿನ ಹಲ್ಲೊಂದು ಬುಡಸಮೇತ ಮರಳಿನಲ್ಲಿ ಬಿದ್ದಿತ್ತು. ಹಾಲುಹಲ್ಲಲ್ಲ, ಅದು ಬಿದ್ದ ಮೇಲೆ ಬಂದ ಗಟ್ಟಿ ಹಲ್ಲು. ಸುತ್ತಲಿನ ತಾಯಂದಿರು ಫೋನು ಹಿಡಿದುಕೊಂಡು ಕಿರುಚುತ್ತಿದ್ದರೆ ನಾನು ಹಲ್ಲಿನ ಬುಡ ಮುಟ್ಟದೆ ತಲೆಯ ಕಡೆಯಿಂದ ಎತ್ತಿಕೊಂಡೆ. ಯಾರದೋ ಮಗುವಿನ ಕೈಯಿಂದ ಹಾಲಿನ ಬಾಟಲಿ ಕಿತ್ತುಕೊಂಡು, ನನ್ನ ಚೀಲದಲ್ಲಿದ್ದ ಸ್ಟೀಲ್ ಡಬ್ಬಿಯ ಚಕ್ಕುಲಿಯನ್ನು ನೆಲಕ್ಕೆ ಸುರಿದು, ಅದಕ್ಕೆ ಹಾಲು ಹುಯ್ದು ಹಲ್ಲನ್ನು ಮುಳುಗಿಸಿದೆ. ಅರ್ಧ ಗಂಟೆಯೊಳಗೆ ಕ್ಲಿನಿಕ್ಕಿನಲ್ಲಿದ್ದೆವು. ಡೆಂಟಿಸ್ಟ್ ಚಿಕ್ಕ ಪ್ರಾಯದ ಹೆಂಗಸು. ಹಲ್ಲನ್ನು ಜಾಗಕ್ಕೆ ಕೂರಿಸಿ, ಕೈಗವಸು ತೆಗೆಯುತ್ತಾ, "ಹಾಲಿನಲ್ಲಿಡಬೇಕು ಅಂತ ನಿಮಗೆ ಯಾರು ಕಲಿಸಿದರು?" ಎಂದು ಕೇಳಿದಳು.

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಆ ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ ಇತ್ತು...

ಇಪ್ಪತ್ತೈದು ವರ್ಷದ ಹಿಂದೆ ನಾವು ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಾಗ ಡಾಟ್‌ಕಾಮ್ ಹುಚ್ಚು ಎಲ್ಲರ ನೆತ್ತಿಗೇರಿತ್ತು. ಜನ ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಷೇರಿನ ಬೆಲೆ ನೋಡುತ್ತಿದ್ದರು. ನಮ್ಮ ಯಜಮಾನರು ಮೆನ್ಲೋ ಪಾರ್ಕಿನ ಸ್ಟಾರ್ಟಪ್ ಒಂದಕ್ಕೆ ದಿನವೂ ಫ್ರೀವೇಯಲ್ಲಿ ಒದ್ದಾಡಿಕೊಂಡು ಹೋಗಿಬರುತ್ತಿದ್ದರು. ಮಂಡ್ಯದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ನಾನು, ಇಲ್ಲಿ ಕೆಲಸ ಮಾಡುವ ಹಕ್ಕಿಲ್ಲದ ವೀಸಾದ ಮೇಲೆ, ಹತ್ತು ವರ್ಷದ ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತರುವ ಉದ್ಯೋಗದಲ್ಲಿದ್ದೆ. ಪಕ್ಕದ ಮನೆಯವರು ಕಪ್ಪು ಅಮೆರಿಕನ್ನರು. ನಮ್ಮ ಕನ್ನಡ ಗೆಳತಿಯರು, ಮನೆಗೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟಕ್ಕೆ ಬಂದಾಗ ಕಿಟಕಿಯಿಂದ ಆಚೆ ನೋಡಿ, "ಅಯ್ಯೋ, ಮನೆ ಹಿಡಿಯೋ ಮುಂಚೆ ಅಕ್ಕಪಕ್ಕ ವಿಚಾರಿಸ್ಬಾರ್ದಿತ್ತೇನ್ರೀ?" ಎಂದರು. ನಾನೂ ಹೆದರಿದ್ದೆ. ಈಗ ಸುಳ್ಳು ಹೇಳಿ ಒಳ್ಳೆಯವಳಾಗುವ ಆಸೆ ನನಗಿಲ್ಲ.

ಆ ಹೆದರಿಕೆ ಹೋದದ್ದು ಒಂದು ದವಡೆ ಹಲ್ಲಿನಿಂದ. ನೋವಿಗೆ ಮೂರು ದಿನ ಅನ್ನ ನೀರು ಸೇರದೆ, ಕೆನ್ನೆ ಊದಿಕೊಂಡು, ಬಾಯಲ್ಲಿ ಲವಂಗ ಕಚ್ಚಿಕೊಂಡು ಬೇಲಿಯ ಹತ್ತಿರ ಬಟ್ಟೆ ಹರವುತ್ತಿದ್ದೆ. ಬೇಲಿಯಾಚೆಯಿಂದ ಆ ಮನೆಯ ಯಜಮಾನರು ಮೂಗು ಅರಳಿಸಿ, "ಲವಂಗವೇ? ನಮ್ಮಜ್ಜಿಯೂ ಅದನ್ನೇ ಕೊಡುತ್ತಿದ್ದಳು. ಬನ್ನಿ ಒಳಗೆ" ಎಂದರು. ಅವರು ಹಲ್ಲಿನ ಡಾಕ್ಟರು ಎಂದು ತಿಳಿದದ್ದೇ ಆಗ. ಕಾರಿನಲ್ಲಿ ಕೂರಿಸಿಕೊಂಡು ತಮ್ಮ ಕ್ಲಿನಿಕ್ಕಿಗೆ ಕರೆದೊಯ್ದು, ಭಾನುವಾರ ಬಾಗಿಲು ತೆಗೆದು, ಏನೋ ರಾಗ ಗುನುಗುತ್ತಾ ನನ್ನ ಹಲ್ಲು ಕಿತ್ತರು. ಎತ್ತರದ ಆಳು, ಹಲಸಿನಕಾಯಿ ಹಿಡಿಯುವಂಥ ಕೈ. ಆ ಕೈಯಲ್ಲಿ ಅಷ್ಟು ಮೆದು ಹೇಗೆ ಇತ್ತೋ. ಅಂದಿನಿಂದ ನಾನು ಅವರಿಗೆ 'ಡಾಕ್ಟ್ರೇ' ಎಂದೆ, ಅವರು ನನಗೆ 'ನೇಬರ್' ಎಂದರು. ಅವರ ಒಬ್ಬಳೇ ಮಗಳೂ ನನ್ನ ಮಗಳೂ ಒಂದೇ ಕ್ಲಾಸು. ಎರಡು ವರ್ಷ ಬೇಲಿಯ ಮೇಲೆ ನಮ್ಮ ಒಬ್ಬಟ್ಟು ಆಚೆ ಹೋಯಿತು, ಅವರ ಪೀಚ್ ಹಣ್ಣಿನ ಕಡುಬು ಈಚೆ ಬಂತು.

ಪ್ರತಿ ಬೇಸಿಗೆಯಲ್ಲಿ ಆ ಮನೆ ಎರಡು ವಾರ ಬೀಗ ಹಾಕಿರುತ್ತಿತ್ತು. ಉತ್ತರಕ್ಕೆ, ಬೆಟ್ಟಗಳ ನಡುವೆ, ನಾಲ್ಕು ಗಂಟೆಯ ದಾರಿಯಲ್ಲಿ ಒಂದು ಸರೋವರ. ಅದರ ಒಂದು ದಡವನ್ನು ಅವರ ಅಜ್ಜನ ಕಾಲದ ಹತ್ತಾರು ಡಾಕ್ಟರು, ವಕೀಲರು, ಮೇಷ್ಟರು, ಹೆಣದ ಪೆಟ್ಟಿಗೆ ಮಾಡುವ ಒಬ್ಬ ಸಾಹುಕಾರ ಸೇರಿ ಕೊಂಡಿದ್ದರಂತೆ. ಬೇರೆ ದಡಗಳಲ್ಲಿ ಅವರನ್ನು ನೀರಿಗೆ ಇಳಿಯಗೊಡುತ್ತಿರಲಿಲ್ಲ. ಡಾಕ್ಟರ ಅಜ್ಜ ಹುಡುಗನಾಗಿದ್ದಾಗ ಬಿಳಿಯರ ಕೆರೆಗೆ ಇಳಿದನೆಂದು ಬಂದೂಕಿನ ಹಿಡಿಯಿಂದ ಅವನ ಮುಂದಿನ ನಾಲ್ಕು ಹಲ್ಲು ಉದುರಿಸಿದ್ದರು. ಇದನ್ನು ಅವರು ನಗುತ್ತಲೇ ಹೇಳಿದರು. "ನಮ್ಮ ಮನೆತನಕ್ಕೆ ಹಲ್ಲಿನ ವಿದ್ಯೆ ಬಂದದ್ದು ಹಾಗೆ, ನೇಬರ್." ನಾನು ನಗಲು ಹೋಗಿ ನಿಲ್ಲಿಸಿಕೊಂಡೆ.

ಮೂರನೆಯ ಬೇಸಿಗೆ ನಮ್ಮನ್ನೂ ಕರೆದರು. ನಾನು ಅಷ್ಟು ಜಂಬದ ಜಾಗವನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಮನೆಗಳು ದೊಡ್ಡವೇನಲ್ಲ, ಮರದವು, ಬಣ್ಣ ಹೋದವು. ಆದರೆ ನೀರಿನ ಅಂಚಿನ ಸಾಲಿನವರು ಹಿಂದಿನ ಸಾಲಿನವರಿಗಿಂತ ಒಂದು ತೂಕ ಹೆಚ್ಚು. ಮೂರನೆಯ ತಲೆಮಾರಿನವರು ಎರಡನೆಯವರಿಗಿಂತ ಹೆಚ್ಚು. ಮೊದಲ ಭಾನುವಾರ ಎಲ್ಲರೂ ಅಚ್ಚ ಬಿಳಿ ಬಟ್ಟೆ. ಬೆಳಗ್ಗೆ ಚಡ್ಡಿಯಲ್ಲಿ, ಬರಿಮೈಯಲ್ಲಿ ನೀರಿಗೆ ಹೋಗುವಾಗಲೂ "ಗುಡ್ ಮಾರ್ನಿಂಗ್, ಡಾಕ್ಟರ್", "ಗುಡ್ ಮಾರ್ನಿಂಗ್, ಜಡ್ಜ್". ಹೆಸರು ಹಿಡಿದು ಕೂಗುವಂತಿಲ್ಲ. ಅವರ ಅಪ್ಪಂದಿರನ್ನು, ಅವರಿಂದಲೇ ಹಲ್ಲು ಕಟ್ಟಿಸಿಕೊಂಡ ಬಿಳಿಯರೂ 'ಏ ಹುಡುಗ' ಎಂದೇ ಕರೆಯುತ್ತಿದ್ದರಂತೆ. ಆ ಬೇಸಿಗೆಯ ಎರಡು ವಾರ ಮಾತ್ರ ಆ ಸಿಟ್ಟು ತೀರುತ್ತಿತ್ತು. ಜಗಲಿಯಲ್ಲಿ ಹ್ಯಾಟು ಹಾಕಿದ ಒಬ್ಬ ಅಜ್ಜಿ, ಆ ದಡಕ್ಕೇ ಹಿರಿಯಳು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಯಾರ ಪೈಕಿ?" ಎಂಬ ಅರ್ಥ ಬರುವ ಹಾಗೆ ಕೇಳಿದಳು. ಅಪ್ಪ ಏನು ಮಾಡುತ್ತಿದ್ದ, ಅಜ್ಜ ಏನು, ಗಂಡ ಏನು ಓದಿದ್ದಾನೆ. ಮಂಡ್ಯದಲ್ಲಿ ನಮ್ಮ ಸೋದರತ್ತೆ ಮದುವೆ ಮನೆಯಲ್ಲಿ ಕೇಳುವ ಪ್ರಶ್ನೆಗಳೇ, ಅದೇ ಕ್ರಮದಲ್ಲಿ. ಸಾಫ್ಟ್‌ವೇರು ಎಂದೆ. ಅಜ್ಜಿ "ಓ" ಎಂದಳು. ನಮ್ಮ ಯಜಮಾನರ ಮುಖ ಸಣ್ಣದಾಯಿತು, ನನಗೆ ಒಳಗೊಳಗೇ ಖುಷಿಯಾಯಿತು.

ಅಲ್ಲಿ ಒಂದು ಪದ್ಧತಿ ಇತ್ತು. ಮಗುವಿಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ ಅದು ಈ ದಡದ ದೋಣಿ ಕಟ್ಟುವ ಅಟ್ಟಣೆಯಿಂದ ಎದುರು ದಡದ ಕಲ್ಲುಬಂಡೆಯವರೆಗೆ, ಸುಮಾರು ಅರ್ಧ ಮೈಲಿ, ಈಜಬೇಕು. ಅಪ್ಪನೋ ಅಮ್ಮನೋ ಪಕ್ಕದಲ್ಲಿ ದೋಣಿ ಹುಟ್ಟು ಹಾಕುತ್ತಾ ಬರುತ್ತಾರೆ. ಮಗು ದೋಣಿ ಮುಟ್ಟಿದರೆ ಆ ವರ್ಷದ್ದು ಲೆಕ್ಕಕ್ಕಿಲ್ಲ. ಮುಟ್ಟದೆ ಮುಗಿಸಿದರೆ ಒಂದು ದೇವದಾರು ಹಲಗೆಯ ಮೇಲೆ ಮಗುವಿನ ಹೆಸರನ್ನು ಕಾದ ಕಬ್ಬಿಣದಿಂದ ಸುಟ್ಟು ಬರೆಯುತ್ತಾರೆ, ಕೆಳಗೆ ಸಾಕ್ಷಿಯ ಸಹಿ. ಆ ಹಲಗೆಗಳು ಜಗಲಿಯಲ್ಲಿ ಸಾಲಾಗಿ ತೂಗುತ್ತವೆ. ಯಾವ ಮನೆಯಲ್ಲಿ ಎಷ್ಟು ಹಲಗೆ ಎಂಬುದೇ ಅಂತಸ್ತು. ಮನೆಮನೆಗೂ ಪೈಪೋಟಿ ಇದ್ದದ್ದರಿಂದ ಸಾಕ್ಷಿಯಾಗಿ ಕೂರುವವರು ಆ ದಡದವರಾಗುವಂತಿಲ್ಲ, ಹೊರಗಿನವರೇ ಆಗಬೇಕು. "ನಮ್ಮ ಅಜ್ಜಂದಿರ ಸಾಕ್ಷಿಯನ್ನು ಕೋರ್ಟಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದಕ್ಕೇ ಇಲ್ಲಿ ಸಾಕ್ಷಿಯ ಮಾತೇ ಕೊನೆಯ ಮಾತು" ಎಂದು ಡಾಕ್ಟರು ವಿವರಿಸಿದರು. ಆ ವರ್ಷ ಅವರ ಮಗಳ ಸರದಿ. ಸಾಕ್ಷಿ ನಾನು. ಹ್ಯಾಟಿನ ಅಜ್ಜಿ ನನ್ನ ಕೈಯನ್ನು ಹಲಗೆಯ ಮೇಲಿಡಿಸಿ, "ಕಣ್ಣು ಚೆನ್ನಾಗಿ ಕಾಣಿಸುತ್ತದೆಯೇ? ಕಂಡದ್ದನ್ನು ಹೇಳುತ್ತೀಯಾ?" ಎಂದು ಕೇಳಿದಳು. ಹೂಂ ಎಂದೆ.

ಬೆಳಗ್ಗೆ ಹತ್ತಕ್ಕೆ ಹೊರಟೆವು. ಹನ್ನೊಂದಕ್ಕೆ ಕಾಫಿ ಇಲ್ಲದಿದ್ದರೆ ನನಗೆ ತಲೆ ಸಿಡಿಯುವುದರಿಂದ ಒಂದು ಫ್ಲಾಸ್ಕಿನಲ್ಲಿ ಡಿಕಾಕ್ಷನ್, ಸ್ಟೀಲ್ ಡಬ್ಬಿಯಲ್ಲಿ ಐಸ್‌ಪೆಟ್ಟಿಗೆಯ ತಣ್ಣನೆ ಹಾಲು ಇಟ್ಟುಕೊಂಡಿದ್ದೆ. ಡಾಕ್ಟರು ನಕ್ಕರು. ಹುಡುಗಿ ನೀರಿನಲ್ಲಿ ಒಂದೇ ಸಮನೆ ಕೈ ಬೀಸುತ್ತಾ ಹೋಗುತ್ತಿದ್ದಳು. ಮುಕ್ಕಾಲು ದಾರಿ ಸಲೀಸಾಗಿ ಹೋಯಿತು...

ಎದುರು ದಡದಲ್ಲಿ ಹೊಸದೊಂದು ಗಾಜಿನ ಮನೆ ಎದ್ದಿತ್ತು. ಕಂಪನಿ ಷೇರುಪೇಟೆಗೆ ಇಳಿದು ರಾತ್ರೋರಾತ್ರಿ ಕುಬೇರನಾದ ಯಾರೋ ಕಟ್ಟಿಸಿದ್ದಂತೆ. ಅಲ್ಲಿಂದ ಒಂದು ಸ್ಪೀಡ್‌ಬೋಟು ಬಂತು. ನಾಲ್ಕು ಜನ ಬಿಳಿಯ ಯುವಕರು, ಕೈಯಲ್ಲಿ ಬಿಯರು. ಹುಡುಗಿಯ ಸುತ್ತ ಒಂದು ಸುತ್ತು ಹೊಡೆದರು. ಅಲೆ ಎದ್ದು ಅವಳು ನೀರು ಕುಡಿದಳು. ಡಾಕ್ಟರು ಎದ್ದು ನಿಂತು, "ಸರ್, ನೀರಿನಲ್ಲಿ ಮಗು ಇದೆ" ಎಂದು ಕೂಗಿದರು. ಸರ್ ಎಂದೇ ಅಂದರು. ಅವರು ನಕ್ಕು ಇನ್ನೊಂದು ಸುತ್ತು ಹೊಡೆದರು. ಇದು ಪ್ರೈವೇಟ್ ದಡ, ನಿಮ್ಮ ಕಡೆಗೆ ತೊಲಗಿ ಎಂದು ಬೈದರು. ನಡುವೆ ಹೇಳಬಾರದ ಒಂದು ಮಾತನ್ನೂ ಸೇರಿಸಿದರು. ಆಮೇಲೆ ಅವರಲ್ಲಿ ಒಬ್ಬ, ಮಾವಿನಕಾಯಿ ಕೀಳುವ ದೋಟಿಯಂಥ ಕೊಕ್ಕೆಕೋಲು ತೆಗೆದುಕೊಂಡು, ಮೀನು ಎತ್ತುವ ಆಟದಂತೆ ಹುಡುಗಿಯತ್ತ ಬೀಸಿದ. ಎರಡು ಸಲ ತಪ್ಪಿತು. ಮೂರನೆಯದು ಅವಳ ಹುಬ್ಬಿನ ಮೇಲೆ ಬಿತ್ತು. ನೀರು ಕೆಂಪಾಯಿತು. ಅಪ್ಪ ದೋಣಿಯಿಂದ ಕೈ ಚಾಚಿದರು. ಹುಡುಗಿ ಆ ಕೈಯನ್ನು ನೋಡಿದಳು, ದೋಣಿಯನ್ನು ನೋಡಿದಳು. ಮುಟ್ಟಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು, ಬಾಯಿಗಿಳಿದ ರಕ್ತ ಉಗುಳುತ್ತಾ ಬಂಡೆಯವರೆಗೆ ಈಜಿ ಹತ್ತಿ ಕುಳಿತಳು.

ಆಳವಿಲ್ಲದ ಕಡೆ ಸ್ಪೀಡ್‌ಬೋಟು ಜಲ್ಲಿಗೆ ಸಿಕ್ಕಿಕೊಂಡಿತ್ತು. ಕೊಕ್ಕೆಯವನು ಮೊಣಕಾಲು ನೀರಿಗೆ ಇಳಿದು ಬಂದು, ದೋಣಿಯಿಂದ ಇಳಿಯುತ್ತಿದ್ದ ಡಾಕ್ಟರ ಹೆಗಲಿಗೆ ಅದೇ ಕೋಲಿನಿಂದ ಬಾರಿಸಿದ. ಕೊಕ್ಕೆಗೆ ಚರ್ಮ ಹರಿಯಿತು. ಆಗ ಡಾಕ್ಟರು ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿದರು. ಮೊದಲ ಏಟಿಗೆ ಅವನ ಮಣಿಕಟ್ಟು ಮುರಿದು ಕೋಲು ಬಿತ್ತು. ಎರಡನೆಯದು ಬಾಯಿಗೆ. ತೆಂಗಿನಕಾಯಿ ಒಡೆದ ಸದ್ದು. ಅವನು ಮಂಡಿಯೂರಿ ಬಿದ್ದ. ಮೂರನೆಯದು ಬಿದ್ದವನ ಬೆನ್ನಿಗೆ. ಎರಡು ಏಟಿಗೆ ನಾನು ಕಾರಣ ಹೇಳಬಲ್ಲೆ. ಮೂರನೆಯದಕ್ಕೆ ಹೇಳಲಾರೆ. ಆ ಮುಖದಲ್ಲಿ ಆಗ ನನ್ನ ನೆರೆಯವರು ಇರಲಿಲ್ಲ. ನಾಲ್ಕನೆಯದಕ್ಕೆ ಎತ್ತಿದ ಹುಟ್ಟು ಗಾಳಿಯಲ್ಲೇ ನಿಂತಿತು. ಬಂಡೆಯ ಮೇಲಿಂದ ಮಗಳು "ಡ್ಯಾಡಿ" ಎಂದಿದ್ದಳು.

ಡಾಕ್ಟರು ಹುಟ್ಟನ್ನು ಎಸೆದು, ಮಗಳ ಹಣೆಗೆ ಟವೆಲು ಒತ್ತಿ ಕಟ್ಟಿ, ತಿರುಗಿ ಬಂದು ನೀರಿನಲ್ಲಿ ಬಗ್ಗಿ ಹುಡುಕತೊಡಗಿದರು. ಏನು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಕಲ್ಲುಗಳ ನಡುವಿನಿಂದ ಎರಡು ಹಲ್ಲು ಎತ್ತಿ ಹಿಡಿದರು. ಬುಡ ಮುಟ್ಟದೆ, ತಲೆಯ ಕಡೆಯಿಂದ. "ನೇಬರ್, ನಿಮ್ಮ ಹಾಲು." ಡಬ್ಬಿ ಕೊಟ್ಟೆ. ಎರಡನ್ನೂ ಅದರಲ್ಲಿ ಹಾಕಿ, ತಾವು ಹೊಡೆದವನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಒಂದು ಹಲ್ಲನ್ನು ತೆಗೆದು ಅವನ ವಸಡಿನ ಗೂಡಿಗೆ ಒತ್ತಿ ಕೂರಿಸಿದರು. ಅವನು ಕಿರುಚಿದ. "ಅಲುಗಾಡಬೇಡ, ಉಳಿಯುತ್ತದೆ" ಎಂದು, ನನ್ನ ದವಡೆ ಹಲ್ಲು ಕಿತ್ತ ದಿನದ ಅದೇ ದನಿಯಲ್ಲಿ ಹೇಳಿದರು. ಗುನುಗುತ್ತಲೂ ಇದ್ದರು.

ಬೋಟಿನಲ್ಲಿದ್ದವರು ಮೊಬೈಲಿನಲ್ಲಿ ಪೊಲೀಸರನ್ನು ಕರೆದಿದ್ದರು. ಪೊಲೀಸರಿಗೆ ಕಂಡದ್ದು, ಬಿಳಿಯ ಯುವಕನ ರಕ್ತದ ಬಾಯಲ್ಲಿ ಕೈ ಹಾಕಿದ ಒಬ್ಬ ದೊಡ್ಡ ಕಪ್ಪು ಆಳು. ಓಡಿ ಬಂದವರೇ ಲಾಠಿಯಿಂದ ಬೆನ್ನಿಗೆ, ಪಕ್ಕೆಗೆ ಹೊಡೆದು ಜಲ್ಲಿಯ ಮೇಲೆ ಕೆಡವಿದರು. ಒಬ್ಬ ಕುತ್ತಿಗೆಯ ಮೇಲೆ ಮಂಡಿ ಊರಿದ. ಈಚೆ ದಡದಿಂದ ದೋಣಿಗಳಲ್ಲಿ ಧಾವಿಸಿ ಬಂದವರಲ್ಲಿ ಬಿಳಿ ಸೂಟಿನ ಜಡ್ಜ್ ಸಾಹೇಬರು, "ನಾನು ನ್ಯಾಯಾಧೀಶ, ಆತ ಡಾಕ್ಟರು" ಎನ್ನುತ್ತಾ ಮುಂದೆ ಬಂದರು. ಪೊಲೀಸನೊಬ್ಬ ಎದೆಗೆ ಕೈ ಹಾಕಿ ತಳ್ಳಿದ ರಭಸಕ್ಕೆ ಸೂಟಿನ ಸಮೇತ ನೀರಿಗೆ ಬಿದ್ದರು. ಡಾಕ್ಟರ ಕೆನ್ನೆ ಕಲ್ಲಿಗೆ ಒತ್ತಿತ್ತು, ತುಟಿ ಹರಿದಿತ್ತು. ಆ ಬಾಯಲ್ಲೇ, "ನೇಬರ್, ಇನ್ನೊಂದು ಹಲ್ಲು... ಒಣಗಲು ಬಿಡಬೇಡಿ" ಎಂದರು.

ನಮ್ಮ ಯಜಮಾನರೂ ಆ ದೋಣಿಗಳಲ್ಲಿ ಬಂದಿದ್ದರು. ನನ್ನ ತೋಳು ಹಿಡಿದು ಕಿವಿಯಲ್ಲಿ, "ಏನೂ ಮಾತಾಡ್ಬೇಡ ಕಣೇ. ಗ್ರೀನ್ ಕಾರ್ಡು ಫೈಲ್ ಆಗಿ ಇನ್ನೂ ಮೂರ್ ತಿಂಗ್ಳಾಗಿಲ್ಲ. ಕೋರ್ಟು ಕೇಸು ಅಂತ ಹೆಸರು ಬಂದ್ರೆ ಮೂರೂ ಜನ ಗಂಟುಮೂಟೆ ಕಟ್ಬೇಕಾಗುತ್ತೆ" ಎಂದರು. ಅಷ್ಟರಲ್ಲಿ ಒಬ್ಬ ಅಧಿಕಾರಿ ಪುಸ್ತಕ ತೆರೆದು ನನ್ನೆದುರು ನಿಂತ. "ಮೇಡಂ, ದೋಣಿಯಲ್ಲಿದ್ದವರು ನೀವು. ಮೊದಲು ಹೊಡೆದವರು ಯಾರು?"

ಯಜಮಾನರ ಬೆನ್ನ ಹಿಂದೆ ನಾನು ಬಚ್ಚಿಟ್ಟುಕೊಳ್ಳಬಹುದು. ಆದರೆ ಬಾಯಿ ನನ್ನದು. ಕೈಯಲ್ಲಿ ಹಾಲಿನ ಡಬ್ಬಿ ಹಿಡಿದುಕೊಂಡು, "ನಾನು ಮಗುವನ್ನು ನೋಡುತ್ತಿದ್ದೆ. ಹೊಡೆದದ್ದು ನೋಡಲಿಲ್ಲ" ಎಂದೆ. ಅವನು ಅದನ್ನೇ ಬರೆದುಕೊಂಡ. ಕಲ್ಲಿನ ಮೇಲಿನಿಂದ ಡಾಕ್ಟರ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು. ಆಂಬುಲೆನ್ಸಿನವರು ಹಲ್ಲನ್ನು ತಮ್ಮ ಲೋಟಕ್ಕೆ ಹಾಕಿಕೊಂಡು ಡಬ್ಬಿ ವಾಪಸು ಕೊಟ್ಟರು.

ಕೇಸು ಎಂಟು ತಿಂಗಳು ನಡೆಯಿತು. ಡಾಕ್ಟರ ವಕೀಲೆ ಎರಡು ಸಲ ನಮ್ಮ ಬಾಗಿಲಿಗೆ ಬಂದಳು. ಮೊದಲ ಸಲ ಅದೇ ಮಾತು ಹೇಳಿ ಕಳಿಸಿದೆ. ಎರಡನೆಯ ಸಲ ಟೀವಿ ಆರಿಸಿ, ಅಡುಗೆಮನೆಯ ನೆಲದ ಮೇಲೆ ಉಸಿರು ಬಿಗಿಹಿಡಿದು ಕುಳಿತೆ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ನಮ್ಮಲ್ಲಿ ಗಾದೆ ಇದೆಯಲ್ಲ. ನನ್ನ ಮೇಲೆ ಕೋಪ ಮಾಡಿಕೊಳ್ಳುವವರು ಯಾರೂ ಇರಲಿಲ್ಲ, ಆದರೂ ಹೇಳಲಿಲ್ಲ. ಕೇಳಿದರೆ ಮೂರನೆಯ ಏಟನ್ನೂ ಹೇಳಬೇಕಾಗುತ್ತದಲ್ಲ, ಅದರಿಂದ ಅವರಿಗೇ ತೊಂದರೆಯಲ್ಲವೇ ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಂಡೆ. ಬೋಟಿನ ಮೂವರೂ, ಹುಡುಗಿ ಬಂಡೆಗೆ ಹಣೆ ಬಡಿದುಕೊಂಡಳು ಎಂದು ಒಂದೇ ಬಾಯಲ್ಲಿ ಹೇಳಿದರು. ಹುಡುಗಿಯ ಮಾತು ಮಗುವಿನ ಮಾತಾಯಿತು. ಇತ್ತ ದಡದವರಿಗೆ ದೂರಕ್ಕೆ ಏನೂ ಸ್ಪಷ್ಟವಾಗಿ ಕಂಡಿರಲಿಲ್ಲ. ಎದುರು ವಕೀಲ ಹಾಲಿನ ಡಬ್ಬಿಯನ್ನೇ ಆಯುಧ ಮಾಡಿಕೊಂಡನಂತೆ. ಹಲ್ಲು ಹುಡುಕಿ ಹಾಲಿನಲ್ಲಿಡುವಷ್ಟು ತಣ್ಣಗಿದ್ದವನಿಗೆ ಸಿಟ್ಟಿನ ಭರದಲ್ಲಿ ಹೊಡೆದೆ ಎನ್ನುವ ನೆಪ ಎಲ್ಲಿಂದ ಬಂತು ಎಂದು ಕೇಳಿದನಂತೆ. ಹೊಡೆತದ ಅಪರಾಧ ಸಾಬೀತಾಯಿತು, ಕೆಲವು ತಿಂಗಳು ಜೈಲು, ಹಲ್ಲಿನ ಲೈಸೆನ್ಸು ಹೋಯಿತು. ಸಾಕ್ಷಿ ಹೇಳಿದರೆ ಗ್ರೀನ್ ಕಾರ್ಡು ಹೋಗುತ್ತದೆ ಎಂಬುದು ನಮ್ಮ ಪಾಟ್‌ಲಕ್‌ಗಳಲ್ಲಿ ಹುಟ್ಟಿ ಅಲ್ಲೇ ಬೆಳೆದ ಕಥೆ. ಹಾಗೇನೂ ಇಲ್ಲ ಎಂದು ವರ್ಷಗಳ ಮೇಲೆ ಒಬ್ಬ ಇಮಿಗ್ರೇಷನ್ ವಕೀಲರು ನಗುತ್ತಾ ಹೇಳಿದರು. ಅಂದು ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ತೀರ್ಪಿಗೆ ಮೊದಲು, ಒಂದು ಮಧ್ಯಾಹ್ನ, ಹುಡುಗಿ ಒಬ್ಬಳೇ ಬೇಲಿ ಸುತ್ತಿ ನಮ್ಮ ಬಾಗಿಲಿಗೆ ಬಂದಳು. ಹುಬ್ಬಿನ ಮೇಲೆ ಹೊಲಿಗೆಯ ಗುರುತು. ಕೈಯಲ್ಲಿ ದೇವದಾರು ಹಲಗೆ. ಅವಳ ಹೆಸರು ಕಪ್ಪಗೆ ಬರೆದಿತ್ತು, ಕೆಳಗೆ ಜಾಗ ಖಾಲಿ.

"ನಾನು ದೋಣಿ ಮುಟ್ಟಿದೆನೇ?"

"ಇಲ್ಲಮ್ಮ. ಮುಟ್ಟಲೇ ಇಲ್ಲ" ಎಂದೆ. ಅಳು ಬಂತು. ಹೊರಟಲ್ಲಿಂದ ಬಂಡೆ ಹತ್ತುವವರೆಗೂ ನನ್ನ ಕಣ್ಣು ನಿನ್ನ ಮೇಲೇ ಇತ್ತು ಎಂದೆ. ಪೆನ್ನು ತರಲು ಒಳಗೆ ತಿರುಗಿದೆ.

"ಹಾಗಾದರೆ ನನಗೆ ಹೊಡೆದವರನ್ನೂ ನೋಡಿದಿರಿ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಪೆನ್ನು ತಂದು ಹಲಗೆಗೆ ಕೈ ಚಾಚಿದೆ. ಅವಳು ಹಲಗೆಯನ್ನು ಎದೆಗೆ ಒತ್ತಿಕೊಂಡು, "ಅಪ್ಪ ಹೇಳಿದರು, ಕಂಡದ್ದಷ್ಟೂ ಹೇಳುವವರೇ ಸಹಿ ಹಾಕಬೇಕಂತೆ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಆ ಪುಟ್ಟ ಬೆನ್ನು ಬೇಲಿಯಾಚೆ ಮರೆಯಾಗುವುದನ್ನು ನೋಡುತ್ತಾ ನಿಂತವಳು ಆಗಲಾದರೂ ಹಿಂದೆ ಓಡಬಹುದಿತ್ತು. ತೀರ್ಪಿಗೆ ಇನ್ನೂ ಆರು ದಿನವಿತ್ತು...

ಡಾಕ್ಟರು ಜೈಲಿನಿಂದ ಬಂದ ಮೇಲೆ ಅವರು ಮನೆ ಮಾರಿ ಬೇರೆ ರಾಜ್ಯಕ್ಕೆ ಹೋದರು. ಹೊರಡುವ ದಿನ ಟ್ರಕ್ಕು ತುಂಬುವಾಗ ನಾನು ಕಿಟಕಿಯ ಪರದೆಯ ಹಿಂದಿದ್ದೆ. ಅವರು ಒಮ್ಮೆ ನಮ್ಮ ಮನೆಯ ಕಡೆ ನೋಡಿ, ಟೋಪಿ ಮುಟ್ಟಿಕೊಂಡು ಕಾರು ಹತ್ತಿದರು. ಕ್ಷಮಿಸಿದರೋ, ಅಭ್ಯಾಸ ಬಲವೋ, ನನಗೆ ಗೊತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮಗೆ ಗ್ರೀನ್ ಕಾರ್ಡು ಬಂತು, ಪೌರತ್ವ ಬಂತು, ಮಗಳ ಮದುವೆಯಾಯಿತು. ಮೂರು ವರ್ಷದ ಹಿಂದೆ ಮಗಳೇ ಫೋನಿನಲ್ಲಿ ಅವರು ತೀರಿಕೊಂಡ ಸುದ್ದಿ ತೋರಿಸಿದಳು. ಅದರಲ್ಲಿ ಅವರ ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು. ಫೋಟೋ ಒಂದು ಜಗಲಿಯದ್ದು, ಹಿಂದೆ ಹಲಗೆಗಳ ಸಾಲು. ದೊಡ್ಡದು ಮಾಡಿ ಮಾಡಿ ನೋಡಿದೆ. ಕೊನೆಯ ಹಲಗೆಯ ಕೆಳಭಾಗ ಖಾಲಿಯೋ ಅಲ್ಲವೋ ತಿಳಿಯಲಿಲ್ಲ.

ಆ ಡಬ್ಬಿಯನ್ನು ಎಸೆಯಲು ಮನಸ್ಸಾಗಲಿಲ್ಲ, ಹಾಲು ಹಾಕಲೂ ಆಗಲಿಲ್ಲ. ಇಷ್ಟು ವರ್ಷ ಅದರಲ್ಲಿ ಚಕ್ಕುಲಿ, ನಿಪ್ಪಟ್ಟು ಹಾಕಿಕೊಂಡು ತಿರುಗಿದ್ದೇನೆ. ಹೋದ ತಿಂಗಳು ಮೊದಲ ಸಲ ಮತ್ತೆ ಹಾಲು ಬಿತ್ತು. ಮೊಮ್ಮಗಳ ಹಲ್ಲು ಕಚ್ಚಿಕೊಂಡಿದೆ, ನಿನ್ನೆ ಸೇಬು ಕಚ್ಚಿ ತೋರಿಸಿದಳು.

ಅಂದು ಕ್ಲಿನಿಕ್ಕಿನಲ್ಲಿ ಆ ಡೆಂಟಿಸ್ಟ್ ಇನ್ನೂ ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದಳು. ನೀವು ನರ್ಸಾಗಿದ್ದಿರಾ, ಎಲ್ಲಾದರೂ ತರಬೇತಿ ಆಗಿತ್ತಾ ಎಂದು ತಾನೇ ಕೇಳಿದಳು.

"ಇಲ್ಲ, ಯಾರೂ ಕಲಿಸಲಿಲ್ಲ" ಎಂದೆ. "ಒಬ್ಬರು ಮಾಡಿದ್ದನ್ನು ನೋಡಿದ್ದೆ. ಮೊದಲಿನಿಂದ ಕೊನೆಯವರೆಗೂ, ಎಲ್ಲವನ್ನೂ ನೋಡಿದ್ದೆ."

ಅವಳು ಒಳ್ಳೆಯದಾಯಿತು ಎಂದು ಹೇಳಿ ಚೀಟಿ ಬರೆಯಲು ಕುಳಿತಳು.